ಪಚ್ಚಕ್ಕನ ಬಲಗಣ್ಣು

ಸ್ವಲ್ಪ ಹತ್ತಿರ ಬನ್ನಿ. ಇದನ್ನು ಜೋರಾಗಿ ಹೇಳುವ ಹಾಗಿಲ್ಲ. ಗುಲ್ವಾಡಿಯ ಉಲ್ಲಾಸನಿಗೆ ಆದದ್ದು. ಉಲ್ಲಾಸ ಅಂದರೆ ನಮ್ಮ ದೊಡ್ಡಮ್ಮನ ಮಗ, ಪಿಯುಸಿಯಲ್ಲಿ ಎರಡು ಸಲ ಗೋತಾ ಹೊಡೆದವ. ಈಗ ಅವನು ಮನೆಯಿಂದ ಹೊರಗೆ ಬರುವುದಿಲ್ಲ. ಆಗ ಬರುತ್ತಿದ್ದ.

ಅವತ್ತು ಕುಂದಾಪುರದಿಂದ ಕಡೇ ಬಸ್ಸು. ಇಳಿದದ್ದು ಅವನೊಬ್ಬನೇ. ಬಸ್ಸಿನ ಕೆಂಪು ಲೈಟು ತಿರುವಿನಲ್ಲಿ ಕಾಣೆಯಾಯಿತು. ಆಮೇಲೆ ಕತ್ತಲೆ... ಮೊಬೈಲಿನ ಬ್ಯಾಟರಿ ಸತ್ತು ತಣ್ಣಗಾಗಿತ್ತು. ಇಡೀ ದಿನ ಲೈಕ್ ನೋಡುತ್ತಾ ಕೂತರೆ ಮತ್ತೆಂತ ಆಗ್ತದೆ?

ಮನೆಗೆ ಹೋಗಬೇಕಾದರೆ ಆಲದ ಮರ ದಾಟಬೇಕು. ಮರದ ಬುಡದಲ್ಲಿ ಹಳೇ ಬಾವಿ, ಕಟ್ಟೆಯ ಒಂದು ಬದಿ ಜರಿದಿದೆ. ಉಲ್ಲಾಸ ಸಿಳ್ಳೆ ಹಾಕುತ್ತಾ ಬಂದ. ಬಾವಿ ಹತ್ತಿರ ಬರುವಾಗ ಸಿಳ್ಳೆ ತನ್ನಷ್ಟಕ್ಕೆ ನಿಂತಿತು.

ಪಚ್.

ಕಪ್ಪೆ ಇರಬೇಕು ಅಂದುಕೊಂಡ. ಎರಡು ಹೆಜ್ಜೆ ಇಟ್ಟ.

ಪಚ್...

ಕಪ್ಪೆ ನೀರಿಗೆ ಹಾರಿದರೆ ‘ಬುಳುಕ್’ ಅನ್ನುತ್ತದೆ. ಆಲದ ಹಣ್ಣು ಬಿದ್ದರೆ ‘ಟಪ್’. ಇದು ಎರಡೂ ಅಲ್ಲ. ಒದ್ದೆಯಾದ ಎರಡು ತುಟಿಗಳನ್ನು ಒತ್ತಿ ಬಿಟ್ಟ ಹಾಗಿನ ಸದ್ದು. ಉಲ್ಲಾಸ ಅಲ್ಲೇ ನಿಂತ. ಯಾಕೆಂದರೆ ಆ ಸದ್ದು ಅವನದ್ದೇ. ಅವನೇ ತನ್ನ ಬಾಯಿಯಿಂದ ಮಾಡಿ, ಮೈಕಿನಲ್ಲಿ ಹಿಡಿದು, ಕಂಪ್ಯೂಟರಿಗೆ ಹಾಕಿದ್ದು.

ಅವನು ಓಡುವುದರೊಳಗೆ ಗುಲಾಬಕ್ಕನ ವಿಷಯ ಹೇಳಿಬಿಡುತ್ತೇನೆ.

ಗುಲಾಬಕ್ಕ ಮೀನು ಮಾರುವವಳು. ಬೆಳಿಗ್ಗೆ ಬಂದರಿನಲ್ಲಿ ಬುಟ್ಟಿ ತುಂಬಿಸಿ, ಬಸ್ಸು ಹತ್ತಿ, ನಮ್ಮ ಕಡೆ ಮನೆ ಮನೆ ತಿರುಗುತ್ತಿದ್ದಳು. “ಹ್ವಾಯ್... ಮೀನ್ ಬೇಕಾ?” ಅಂತ ಅವಳು ಕೂಗಿದರೆ ಬೆಕ್ಕುಗಳು ಮೊದಲು ಓಡಿ ಬರುತ್ತಿದ್ದವು, ಹಿಂದಿನಿಂದ ಹೆಂಗಸರು. ಒಂದು ದಿನ ಎದ್ದು ನೋಡುವಾಗ ಅವಳ ಮುಖದ ಬಲಬದಿ ಜೋತುಬಿದ್ದಿತ್ತು. ಮದ್ದು ಮಾಡಿಸಿದ ಮೇಲೆ ಬಾಯಿ ಸರಿಯಾಯಿತು. ಬಲಗಣ್ಣು ಮಾತ್ರ ಮುಚ್ಚಲೇ ಇಲ್ಲ. ಎಡದ ರೆಪ್ಪೆ ಬಡಿಯುತ್ತದೆ, ಬಲದ್ದು ಬುಟ್ಟಿಯಲ್ಲಿರುವ ಬಂಗುಡೆಯ ಕಣ್ಣಿನ ಹಾಗೆ ದುರುಗುಟ್ಟಿಕೊಂಡೇ ಇರುತ್ತದೆ. ರಾತ್ರಿ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳು.

ಉಲ್ಲಾಸ ಕುಂದಾಪುರದಲ್ಲಿ ಭೋಜರಾಜಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮದುವೆ, ಹುಟ್ಟಿದ ಹಬ್ಬ, ಶ್ರದ್ಧಾಂಜಲಿ, ಎಲ್ಲ ಫ್ಲೆಕ್ಸನ್ನೂ ಮಾಡುವುದು ಅವನೇ. ಅಂಗಡಿಯ ಹಳೇ ಲ್ಯಾಪ್‌ಟಾಪು ರಾತ್ರಿ ಅವನ ಜೊತೆ ಮನೆಗೆ ಬರುತ್ತಿತ್ತು. ಅದರಲ್ಲಿ ಕಾರ್ಟೂನ್ ಮಾಡಿ ಮೊಬೈಲಿಗೆ ಬಿಡುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಗುಲಾಬಕ್ಕನ ಕಣ್ಣು ಕಂಡ ದಿನ ಅವನ ಶುಕ್ರದೆಸೆ ಶುರುವಾಯಿತು.

ಬೊಂಬೆ ಕಣ್ಣು ಮಿಟುಕಿಸುವುದು ಅಂದರೆ ದೊಡ್ಡ ಮಂತ್ರ ಎಂತದೂ ಅಲ್ಲ. ತೆರೆದ ಕಣ್ಣು, ಅರ್ಧ ಮುಚ್ಚಿದ ಕಣ್ಣು, ಪೂರ್ತಿ ಮುಚ್ಚಿದ ಕಣ್ಣು... ಇಷ್ಟು ಚಿತ್ರ ಬಿಡಿಸಿ ಒಂದಾದ ಮೇಲೊಂದು ಓಡಿಸಬೇಕು, ಅಷ್ಟೆ. ಅದು ಇಲ್ಲದಿದ್ದರೆ ಬೊಂಬೆ ಎಷ್ಟು ಕುಣಿದರೂ ಹೆಣ. ಉಲ್ಲಾಸ ತಲೆ ಮೇಲೆ ಬುಟ್ಟಿ ಇಟ್ಟುಕೊಂಡ ಒಬ್ಬಳು ಹೆಂಗಸನ್ನು ಬಿಡಿಸಿದ. ಎಡಗಣ್ಣಿಗೆ ಎಲ್ಲ ಚಿತ್ರ ಹಾಕಿದ. ಬಲಗಣ್ಣಿಗೆ ತೆರೆದದ್ದು ಒಂದೇ. ಎಡಗಣ್ಣು ಮುಚ್ಚುವಾಗೆಲ್ಲ ‘ಪಚ್’ ಅಂತ ಸದ್ದು. ಹೆಸರು ಪಚ್ಚಕ್ಕ.

ಪಚ್ಚಕ್ಕ ತೂಕದಲ್ಲಿ ಮೋಸ ಮಾಡ್ತಾಳೆ, ಪಚ್. ಪಚ್ಚಕ್ಕ ಬಸ್ಸಿನಲ್ಲಿ ಒಂದೇ ಕಣ್ಣಿನಲ್ಲಿ ನಿದ್ದೆ ಮಾಡ್ತಾಳೆ, ಪಚ್. ಬೈಂದೂರಿನಿಂದ ಬ್ರಹ್ಮಾವರದ ತನಕ ಎಲ್ಲರ ಮೊಬೈಲಿಗೂ ಪಚ್ಚಕ್ಕ ಬಂದಳು. ಮುಂಬೈ ಹೋಟೆಲುಗಳಲ್ಲಿ ಕೆಲಸಕ್ಕಿರುವ ನಮ್ಮೂರಿನವರೂ ನೋಡಿ ನಕ್ಕರು. ಊರಿನ ಮಕ್ಕಳಿಗಂತೂ ಹಬ್ಬ. ಗುಲಾಬಕ್ಕ ಬುಟ್ಟಿ ಹೊತ್ತು ಬಂದರೆ ಸಾಕು, ಗೋಡೆ ಹಿಂದಿನಿಂದ ‘ಪಚ್! ಪಚ್!’ ಮೀನು ಕೊಳ್ಳುವವರು ಕಡಿಮೆಯಾದರು, ಮೊಬೈಲ್ ಹಿಡಿದುಕೊಂಡು “ಅಕ್ಕಾ, ಒಂಚೂರ್ ಇತ್ಲಾಗ್ ಕಾಣಿ” ಅನ್ನುವವರು ಜಾಸ್ತಿಯಾದರು.

ಒಂದು ಮಧ್ಯಾಹ್ನ ಗುಲಾಬಕ್ಕ ಫ್ಲೆಕ್ಸ್ ಅಂಗಡಿಗೇ ಬಂದಳು. ಬುಟ್ಟಿಯನ್ನು ಹೊರಗೆ ಇಳಿಸಿ, ಸಾಗುವಾನಿ ಎಲೆಯಲ್ಲಿ ಕಟ್ಟಿದ ಬಂಗುಡೆಯನ್ನು ಮೇಜಿನ ಮೇಲೆ ಇಟ್ಟಳು.

“ಮಗಾ, ನೀನ್ ಮಾಡ್ದ್ ಬೊಂಬಿ ಕಂಡೆ. ಲಾಯ್ಕಿತ್ತ್.”

ಉಲ್ಲಾಸ ಹಲ್ಲು ಕಿರಿದ.

“ಒಂದ್ ಉಪ್ಕಾರ ಮಾಡ್. ಅದ್ರ ಬಲ್ಗಣ್ಣ್ ಒಂದ್ಸಲ ಮುಚ್ಸ್.”

“ಎಂತಕೆ ಗುಲಾಬಕ್ಕ? ಜನ ನಗಾಡುದೇ ಆ ಕಣ್ಣಿಗ್. ಮುಚ್ಚಿರೆ ಯಾರ್ ಕಾಂತ್ರ್?”

“ನಂಗಂತೂ ಮುಚ್ಚುಕ್ ಆತಿಲ್ಲೆ. ಒದ್ದೆ ಬಟ್ಟಿ ಕಟ್ಕಂಡ್ ಮನಿಕಂತೆ, ಆದ್ರೂ ನಿದ್ರಿ ಬತ್ತಿಲ್ಲೆ. ಬೊಂಬಿಗಾರೂ ನಿದ್ರಿ ಬರ್ಲಿ ಮಗಾ...”

ಭೋಜರಾಜಣ್ಣನೂ ಹೇಳಿದ, “ಮುಚ್ಸಾ ಮರಾಯ. ಎಂತ ಹೋತ್ತ್ ನಿಂಗೆ?”

ಹೋಗುವುದು ಎಂತದೂ ಇರಲಿಲ್ಲ. ಎಡಗಣ್ಣಿನ ರೆಪ್ಪೆಯನ್ನೇ ತಿರುಗಿಸಿ ಬಲಕ್ಕೆ ಅಂಟಿಸಿದರೆ ಮುಗಿಯಿತು, ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಉಲ್ಲಾಸ ತಲೆ ಆಡಿಸಿ ಕಳಿಸಿದ. ಬಂಗುಡೆಯನ್ನು ಮನೆಗೆ ತಂದು ಕಾಯಿಸಿ ತಿಂದ. ತಿಂದು ಕೈ ತೊಳೆದು ಹೊಸ ಕಾರ್ಟೂನ್ ಮಾಡಲು ಕೂತ. ಪಚ್ಚಕ್ಕ ಫ್ಲೆಕ್ಸ್ ಅಂಗಡಿಗೆ ಬಂದು “ಮಗಾ, ನನ್ನ ಕಣ್ಣ್ ಮುಚ್ಸ್” ಅಂತ ಅಳುತ್ತಾಳೆ. ಬಲಗಣ್ಣಿನಿಂದ ನೀರು ಕೊಡಪಾನದ ಹಾಗೆ ಸುರಿಯುತ್ತದೆ, ಆದರೆ ಮುಚ್ಚುವುದಿಲ್ಲ. ಅವಳದ್ದೇ ಮಾತು, ಅವಳದ್ದೇ ಸ್ವರ, ಇವನ ಮಿಮಿಕ್ರಿ. ಅಷ್ಟು ಜನ ಯಾವ ಕಾರ್ಟೂನನ್ನೂ ನೋಡಿರಲಿಲ್ಲ.

ಆಮೇಲೆ ಗುಲಾಬಕ್ಕ ಕೂಗುವುದನ್ನು ಬಿಟ್ಟಳು. ಮನೆ ಬಾಗಿಲಿಗೆ ಬಂದು ಸುಮ್ಮನೆ ನಿಲ್ಲುತ್ತಿದ್ದಳು. ಮುಚ್ಚದ ಕಣ್ಣಿಗೆ ಧೂಳು ಹೋಗಿ ಹೋಗಿ ಅದು ಹಾಲು ಬಿದ್ದ ಹಾಗೆ ಬೆಳ್ಳಗಾಯಿತು. ಆ ಬದಿಯಿಂದ ಎಂತದೂ ಕಾಣುತ್ತಿರಲಿಲ್ಲ.

ಒಂದು ದಿನ ಹೆದ್ದಾರಿ ದಾಟುತ್ತಿದ್ದಳಂತೆ. ಎಡಬದಿಯ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗರು ನಿಂತಿದ್ದರು. ಒಬ್ಬ ‘ಪಚ್!’ ಅಂದ. ಅವಳು ಒಳ್ಳೆಯ ಕಣ್ಣನ್ನು ಆ ಕಡೆ ತಿರುಗಿಸಿದಳು. ಮೀನಿನ ಟೆಂಪೊ ಬಲದಿಂದ ಬಂತು... ಬ್ರೇಕು ಕಿರ್ರ್ ಅಂದದ್ದು, ಬುಟ್ಟಿ ದಬ್ ಅಂತ ಬಿದ್ದದ್ದು. ಬೊಬ್ಬೆ ಹಾಕಿದ್ದು ಅವಳಲ್ಲ, ಹುಡುಗರು.

ಹೆಣ ಮನೆಗೆ ತಂದಾಗ ಹಿರಿಯರು ಕಣ್ಣು ಮುಚ್ಚಿಸಲು ನೋಡಿದರು. ಎಡಗಣ್ಣು ಮುಚ್ಚಿತು. ಬಲಗಣ್ಣಿನ ರೆಪ್ಪೆಯನ್ನು ಬೆರಳಿನಿಂದ ಒತ್ತಿ ಹಿಡಿದರು, ಬಿಸಿನೀರಿನ ಬಟ್ಟೆ ಇಟ್ಟರು. ಕೈ ತೆಗೆದರೆ ಮತ್ತೆ ತೆರೆಯುತ್ತಿತ್ತು. ಕಣ್ಣು ಬಿಟ್ಟುಕೊಂಡು ಹೋದವರು ಯಾರನ್ನೋ ನೋಡಿಟ್ಟುಕೊಂಡು ಹೋಗ್ತಾರೆ ಅಂತ ನಮ್ಮಲ್ಲಿ ಒಂದು ಮಾತಿದೆ. ಹಾಗೇ ಸುಟ್ಟರು.

ಮಗಳು ಶರಣ್ಯಾ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಅದೇ ಅಂಗಡಿಗೆ ಬಂದಳು. ಫೋಟೊ ಕೊಟ್ಟಳು. ಅಳಲಿಲ್ಲ.

“ಅಮ್ಮನ ಕಣ್ಣ್ ಮುಚ್ದೆ ಸುಟ್ಟ್ರ್. ಊರಂಗೆ ಎಲ್ಲರ ಮೊಬೈಲಂಗೂ ಅಮ್ಮ ಕಣ್ಣ್ ಬಿಟ್ಕಂಡ್ ಕೂಕಂಡಿತ್ತ್. ಅದನ್ನಾರೂ ಮುಚ್ಸ್.”

“ಮುಚ್ಸ್ತೆ ಮರಾಯ್ತಿ,” ಅಂದ ಉಲ್ಲಾಸ. “ಒಂದ್ ವಾರ ತಡಿ. ಸತ್ತ್ ಹೋದ್ ಮೇಲೆ ಇನ್ನೂ ಜಾಸ್ತಿ ಜನ ಕಾಂತಿದ್ರ್.”

ಶರಣ್ಯಾ ಅವನನ್ನು ಒಂದು ಸಲ ನೋಡಿದಳು. ಅಷ್ಟೆ. ಅವನು ಮೊಬೈಲ್ ನೋಡುತ್ತಿದ್ದ.

ಆ ದಿನವೇ ಕಡೇ ಬಸ್ಸು. ಆ ದಿನವೇ ಬಾವಿ.

ಪಚ್...

ಈಗ ಸದ್ದು ಹಿಂದಿನಿಂದ ಬಂತು. ಜೊತೆಗೆ ಇನ್ನೊಂದು ಸದ್ದು. ಬುಟ್ಟಿಯಿಂದ ಮೀನಿನ ನೀರು ಒಣ ಎಲೆ ಮೇಲೆ ಬೀಳುವುದು. ತೊಟ್... ತೊಟ್... ಅವನು ನಿಂತರೆ ಅದೂ ನಿಲ್ಲುತ್ತದೆ.

ಆಮೇಲೆ ಕಿವಿಯ ಹತ್ತಿರವೇ, ಮಲಗಿದ ಮಗುವನ್ನು ಎಬ್ಬಿಸದ ಹಾಗೆ, ಪಿಸುಗುಟ್ಟಿತು.

“ಹ್ವಾಯ್... ಮೀನ್ ಬೇಕಾ?”

ರಾತ್ರಿ ಹೊತ್ತು ಕರೆದರೆ ಮೊದಲನೇ ಕರೆಗೆ ಬಾಯಿ ಬಿಡಬಾರದು ಅಂತ ಚಡ್ಡಿ ಹಾಕುವ ಮೊದಲೇ ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ಉಲ್ಲಾಸನಿಗೂ ಹೇಳಿಕೊಟ್ಟಿದ್ದರು. ಬಾಯಿ ಕೇಳಬೇಕಲ್ಲ!

“ಬೇಡ...” ಅಂದುಬಿಟ್ಟ.

“ನಂಗ್ ನಿದ್ರಿ ಬತ್ತಿಲ್ಲೆ ಮಗಾ.”

“ಮುಚ್ಸ್ತೆ... ಇವತ್ತೇ ಮುಚ್ಸ್ತೆ ಅಕ್ಕಾ...”

“ಎಂತ ಹಾಕಿ ಮುಚ್ಸ್ತೆ?”

“ಸಿಕ್ಕಿದ್ದ್ ಹಾಕಿ ಮುಚ್ಸ್ತೆ!”

“ಹ್ಞೂಂ...” ಅಂತ ಒಂದು ಉಸಿರು. ತೊಟ್ಟಿಕ್ಕುವುದು ನಿಂತಿತು. ಉಲ್ಲಾಸ ಚಪ್ಪಲಿ ಬಿಟ್ಟು ಓಡಿದ.

ದೊಡ್ಡಮ್ಮ ಬಾಗಿಲು ತೆಗೆದು ನೋಡುವಾಗ ಮಗನ ಮುಖ ಸುಣ್ಣದ ಹಾಗೆ. ಬಲದ ರೆಪ್ಪೆ ಮೇಲೆ ಕೆಂಪು ಕುರು ಎದ್ದಿತ್ತು. ಉಲ್ಲಾಸನಿಗೆ ಚಿಕ್ಕಂದಿನಿಂದಲೂ ಹಾಗೆ, ನಿದ್ದೆಗೆಟ್ಟರೆ ಆ ರೆಪ್ಪೆಗೇ ಕುರು.

“ಮತ್ತೆ ಎದ್ದಿತ್ತಲೆ! ಕಂಪ್ಯೂಟರ್ ಕಾಂಬ್ದ್ ಕಮ್ಮಿ ಮಾಡ್ ಅಂದ್ರೆ ಕೇಂತಿಲ್ಲೆ ನೀನ್.” ದೊಡ್ಡಮ್ಮ ತನ್ನ ತೋರುಬೆರಳನ್ನು ಅಂಗೈಗೆ ಸರಸರ ಉಜ್ಜಿ, ಬಿಸಿ ಮಾಡಿ, ಮಗನ ರೆಪ್ಪೆ ಮೇಲೆ ಒತ್ತಿದಳು. ಯಾವಾಗಲೂ ಮಾಡುವ ಮದ್ದು. “ಊಟ ಮಾಡ್.”

“ಬೇಡ. ಒಂದ್ ಕೆಲ್ಸ ಇತ್ತ್.”

ಕೋಣೆ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದ. ಪಚ್ಚಕ್ಕ ಬುಟ್ಟಿ ಹೊತ್ತು ನಿಂತಿದ್ದಳು. ಎಡಗಣ್ಣಿನ ರೆಪ್ಪೆಯನ್ನು ತೆಗೆದು, ತಿರುಗಿಸಿ, ಬಲಗಣ್ಣಿಗೆ ಕೂರಿಸಿದ. ಓಡಿಸಿ ನೋಡಿದ. ಎಡಗಣ್ಣು ಮುಚ್ಚಿತು, ಪಚ್. ಬಲಗಣ್ಣು ತೆರೆದೇ ಇದೆ. ಅಂಟಿಸಿದ ರೆಪ್ಪೆ ಕಾಣುವುದಿಲ್ಲ. ಹೊಸದು ಬಿಡಿಸಿದ. ಬಿಡಿಸುವಾಗ ಇರುತ್ತದೆ, ಓಡಿಸುವಾಗ ಇಲ್ಲ. ಇಡೀ ಕಣ್ಣಿಗೆ ಕಪ್ಪು ಬಳಿದ. ಓಡಿಸಿದ. ಕಪ್ಪು ಬಣ್ಣವೆಲ್ಲ ಮೀನಿನ ಬೆನ್ನಿನಿಂದ ನೀರು ಜಾರಿದ ಹಾಗೆ ಜಾರಿತು. ಕಣ್ಣು ಅವನನ್ನೇ ನೋಡುತ್ತಿತ್ತು...

ಕಿಟಕಿಯ ಹೊರಗೆ ತೊಟ್... ತೊಟ್...

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಕಾರ್ಟೂನ್ ಮಾಡುವವರು ಕೈಗೆ ಸರಿಯಾಗಿ ಬಾರದ್ದನ್ನು ಮೊದಲು ತಾವೇ ಮಾಡಿ ವಿಡಿಯೊ ಹಿಡಿಯುತ್ತಾರೆ. ಆಮೇಲೆ ಅದರ ಮೇಲೆಯೇ ಗೆರೆ ಎಳೆಯುತ್ತಾರೆ. ಉಲ್ಲಾಸ ಲ್ಯಾಪ್‌ಟಾಪಿನ ಕ್ಯಾಮರಾಕ್ಕೆ ಮುಖ ಒಡ್ಡಿ ತನ್ನ ಬಲಗಣ್ಣನ್ನು ನಿಧಾನ ಮುಚ್ಚಿ ತೆರೆದ. ವಿಡಿಯೊದೊಳಗಿನ ರೆಪ್ಪೆಯ ಅಂಚಿಗೆ ಗೆರೆ ಎಳೆದ. ಕೂದಲು ಕೂದಲಿಗೂ ಎಳೆದ. ಇಡೀ ರೆಪ್ಪೆ ಚುಕ್ಕಿಗೆರೆಯೊಳಗೆ ಬಂತು.

ಇನ್ನು ಅದನ್ನು ಕಾಪಿ ಮಾಡಿ ಬೊಂಬೆಗೆ ಅಂಟಿಸಬೇಕು.

ಆದರೆ ಉಲ್ಲಾಸ ಯಾವತ್ತೂ ಕಾಪಿ ಮಾಡುವವನಲ್ಲ. ಆ ಹಳೇ ಡಬ್ಬಿಯಲ್ಲಿ ಒಂದೇ ಚಿತ್ರ ಎರಡು ಕಡೆ ಇದ್ದರೆ ಅದು ಗೊರ ಗೊರ ಅಂದು ನಿಂತುಬಿಡುತ್ತಿತ್ತು. ಹಾಗಾಗಿ ಎಲ್ಲದಕ್ಕೂ ಕಟ್ ಹೊಡೆಯುವುದೇ ಅವನ ಅಭ್ಯಾಸ. ಇಲ್ಲಿಂದ ಕಿತ್ತು ಅಲ್ಲಿಗೆ. “ಒಂದಿನ ನನ್ನ ಫೋಟುನೂ ಕಟ್ ಮಾಡಿ ಸಾಯ್ಸ್ತೆ ನೀನ್” ಅಂತ ಭೋಜರಾಜಣ್ಣ ಬೈಯುತ್ತಿದ್ದ. ಬೆರಳಿಗೆ ರೂಢಿ ಬಿದ್ದಿತ್ತು. ಬೆರಳು ಯೋಚನೆ ಮಾಡುವುದಿಲ್ಲ.

ಕಟ್ ಒತ್ತಿದ. ಟಿಕ್.

ಬೊಂಬೆಯ ಬಲಗಣ್ಣಿನ ಮೇಲೆ ಇಟ್ಟು ಅಂಟಿಸಿದ. ಟಿಕ್.

ಓಡಿಸಿದ.

ಪಚ್ಚಕ್ಕನ ಎರಡೂ ಕಣ್ಣುಗಳು ಒಟ್ಟಿಗೆ ಮುಚ್ಚಿದವು. ಪಚ್ ಅನ್ನಲಿಲ್ಲ. ಸದ್ದೇ ಇಲ್ಲ. ಮುಚ್ಚಿದ ಕಣ್ಣು ಮತ್ತೆ ತೆರೆಯಲೂ ಇಲ್ಲ. ತಲೆ ಮೇಲಿನ ಬುಟ್ಟಿ ಸ್ವಲ್ಪ ವಾಲಿತು. ಅದನ್ನು ಅವನು ಬಿಡಿಸಿರಲಿಲ್ಲ. ಆಮೇಲೆ ಲ್ಯಾಪ್‌ಟಾಪಿನ ಸ್ಪೀಕರಿನಿಂದ ಸಣ್ಣ ಗೊರಕೆ... ದಣಿದು ಮಲಗಿದವರದ್ದು.

ಹೊರಗೆ ತೊಟ್ಟಿಕ್ಕುವುದು ನಿಂತಿತು. ಉಲ್ಲಾಸ ನೆಮ್ಮದಿಯಿಂದ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದ.

ಕಣ್ಣು ಮುಚ್ಚಿದ ಮೇಲೂ ಲ್ಯಾಪ್‌ಟಾಪ್ ಕಾಣುತ್ತಿತ್ತು.

ಎಡಗೈಯಿಂದ ಎಡಗಣ್ಣನ್ನು ಮುಟ್ಟಿ ನೋಡಿದ. ಮುಚ್ಚಿದೆ. ಬಲಗೈ ಎತ್ತಿದ. ಬೆರಳು ತಗುಲಿದ್ದು ಚರ್ಮಕ್ಕಲ್ಲ... ಒದ್ದೆಯಾದ, ನುಣ್ಣಗಿನ, ಉರುಟು ಗುಡ್ಡೆಗೇ. ಅವನು ಹಾಕಿದ ಬೊಬ್ಬೆಗೆ ಆಚೆಮನೆಯ ಶೀನಣ್ಣ ಕತ್ತಿ ಹಿಡಿದುಕೊಂಡು ಓಡಿ ಬಂದ.

ರಕ್ತ ಇರಲಿಲ್ಲ. ಗಾಯವೂ ಇರಲಿಲ್ಲ. ರೆಪ್ಪೆ ಮಾತ್ರ ಇರಲಿಲ್ಲ.

ಉಲ್ಲಾಸ ಅನ್‌ಡೂ ಒತ್ತಿದನಂತೆ. ಬೆಳಗಿನ ತನಕ ಒತ್ತಿದ. ಗೆರೆ ಹೋಯಿತು, ಬಣ್ಣ ಹೋಯಿತು, ಹಿಂದೆ ಮಾಡಿದ್ದೆಲ್ಲ ಒಂದೊಂದಾಗಿ ಅಳಿಯಿತು. ಆ ರೆಪ್ಪೆ ಅಲ್ಲಾಡಲಿಲ್ಲ. ವಿಡಿಯೊ ತೆರೆದು ನೋಡಿದರೆ ಅದರಲ್ಲೂ ಅವನ ಬಲಗಣ್ಣಿಗೆ ರೆಪ್ಪೆ ಇಲ್ಲ. ಬೇರೆಯವರ ಮೊಬೈಲಿನಲ್ಲಿದ್ದ ಹಳೇ ಪಚ್ಚಕ್ಕನ ಕಾರ್ಟೂನ್‌ಗಳಲ್ಲೂ ಬೆಳಗಾಗುವಾಗ ಎರಡೂ ಕಣ್ಣು ಮುಚ್ಚಿದ್ದವು. ಯಾರೂ ಕೈ ಹಾಕಿರಲಿಲ್ಲ.

ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚ್ ಹಾಕಿ ತುಂಬಾ ಹೊತ್ತು ನೋಡಿ, “ಆಪರೇಷನ್ ಎಲ್ಲಿ ಮಾಡಿಸಿದ್ದು? ಕತ್ತರಿಸಿದ ಗುರುತೇ ಇಲ್ಲ, ತುಂಬಾ ಚಂದ ಮಾಡಿದ್ದಾರೆ” ಅಂದರು. ದೊಡ್ಡಮ್ಮ ಅಲ್ಲೇ ಕುಸಿದು ಕೂತಳು. ತೊಡೆಯ ಚರ್ಮ ತೆಗೆದು ಹೊಸ ರೆಪ್ಪೆ ಕೂರಿಸಿದರು. ಅದು ಹಿಡಿಯಲಿಲ್ಲ, ಜಾರಿತು. ಇನ್ನೊಂದು ಸಲ ಕೂರಿಸಿದರು. ಮತ್ತೆ ಜಾರಿತು.

ದೊಡ್ಡಮ್ಮ ಒಂದು ದಿನ ಶರಣ್ಯಾಳ ಮನೆಗೂ ಹೋದಳು. ಅವಳು ಅಂಗಳದಲ್ಲಿ ಕೂತು ಒಣಮೀನನ್ನು ಮಗುಚಿ ಹಾಕುತ್ತಿದ್ದಳು.

“ಹೆಣ್ಣೇ... ನಿನ್ನಮ್ಮಂಗೆ ಒಂದ್ ಮಾತ್ ಹೇಳ್. ನನ್ನ್ ಮಗ ತಪ್ಪ್ ಮಾಡ್ದ. ಅದನ್ನ್ ಅವಂಗೆ ವಾಪಸ್ ಕೊಡ್ಲಿ.”

ಶರಣ್ಯಾ ತಲೆ ಎತ್ತಲಿಲ್ಲ.

“ಹೇಳ್ಕಾರೆ ಅಮ್ಮನ್ನ ಎಬ್ಬಿಸ್ಕ್. ಈಗ್ ಮನಿಕಂಡದ್ದಷ್ಟೆ.”

ಉಲ್ಲಾಸ ಈಗ ಕಿಟಕಿ ಹಾಕಿಕೊಂಡು ಕೂತಿರುತ್ತಾನೆ. ಗಳಿಗೆ ಗಳಿಗೆಗೆ ಕಣ್ಣಿಗೆ ಮದ್ದು ಬಿಟ್ಟುಕೊಳ್ಳಬೇಕು. ರಾತ್ರಿ ದೊಡ್ಡಮ್ಮ ಒದ್ದೆ ಬಟ್ಟೆ ಕಟ್ಟುತ್ತಾಳೆ. ನಿದ್ದೆ ಇಲ್ಲ. ಒಂದು ಸಲ ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿ ತನಕ ಹೋಗಿದ್ದ. ಗೋಡೆ ಹಿಂದೆ ಮಕ್ಕಳಿದ್ದರು. ಮಕ್ಕಳಿಗೆ ಗುಲಾಬಕ್ಕ ಆದರೆಂತ, ಉಲ್ಲಾಸಣ್ಣ ಆದರೆಂತ?

‘ಪಚ್!’

ಅವನು ಅಲ್ಲಿಂದಲೇ ತಿರುಗಿ ಓಡಿದ. ಅದನ್ನೂ ಯಾರೋ ಮೊಬೈಲಿನಲ್ಲಿ ಹಿಡಿದರು. ಒಳ್ಳೇ ಓಡಿತು ಅದು.

ಇಷ್ಟು ಕೇಳಿ ನೀವು ಹೇಳಬಹುದು, ಎಂತದೋ ಕಾಯಿಲೆ ಇರಬೇಕು ಅಂತ. ಆಗಲಿ, ಕಾಯಿಲೆ ಅಂತಲೇ ಇಟ್ಟುಕೊಳ್ಳಿ. ಮೊನ್ನೆ ಆದದ್ದನ್ನು ಮಾತ್ರ ಕೇಳಿ. ಇದು ಕೇಳಿದ ಮಾತಲ್ಲ. ಅವರ ಮನೆಯ ಜಗಲಿಯಲ್ಲಿ, ಹಾಡಹಗಲು, ಶೀನಣ್ಣನೂ ಇದ್ದ, ಅವನ ಹೆಂಡತಿಯೂ ಇದ್ದಳು. ಸುಳ್ಳಾದರೆ ನನ್ನ ಎರಡೂ ಕಣ್ಣು ಹೋಗಲಿ.

ದೊಡ್ಡಮ್ಮ ಮೊಬೈಲ್ ತೆಗೆದು ಪಚ್ಚಕ್ಕನನ್ನು ನೋಡುತ್ತಿದ್ದಳು. ದಿನಾ ನೋಡ್ತಾಳೆ, ಮಗನ ರೆಪ್ಪೆ ಇರುವುದು ಅಲ್ಲೇ ಅಲ್ಲವಾ. ಒಮ್ಮೆಲೇ ಮೊಬೈಲನ್ನು ಮುಖದ ಹತ್ತಿರ ತಂದಳು. ಮಲಗಿದ ಬೊಂಬೆಯ ಬಲದ ರೆಪ್ಪೆ ಮೇಲೆ ಕೆಂಪಗೆ ಒಂದು ಕುರು ಎದ್ದಿತ್ತು. ಹಿಂದಿನ ದಿನ ಅದು ಇರಲಿಲ್ಲ.

“ಮತ್ತೆ ಎದ್ದಿತ್ತಲೆ...” ಅಂದಳು.

ತೋರುಬೆರಳನ್ನು ಅಂಗೈಗೆ ಸರಸರ ಉಜ್ಜಿದಳು. ಬಿಸಿಯಾದ ಮೇಲೆ ಮೊಬೈಲಿನ ಗಾಜಿನ ಮೇಲೆ ಇಟ್ಟು ಮೆಲ್ಲಗೆ ಒತ್ತಿದಳು. ಒಳಕೋಣೆಯಿಂದ ಉಲ್ಲಾಸ, “ಅಮ್ಮಾ, ಮೆಲ್ಲ... ಉರಿತ್ತ್” ಅಂದ.

ಮರುದಿನ ಕುರು ಇಳಿದಿತ್ತು.